ಟ್ರೇಲ್‌ಗೆ ಎಲೆಕ್ಟ್ರಿಕ್ ಮೌಂಟನ್ ಬೈಕ್ ತಗೊಳ್ತಿದ್ದೀರಾ? ದುಡ್ಡು ಕೊಡೋ ಮುಂಚೆ ಇಷ್ಟು ನೋಡ್ಕೊಳಿ

ಎಲೆಕ್ಟ್ರಿಕ್ ಮೌಂಟನ್ ಬೈಕ್ ಬಗ್ಗೆ ಮೆಸೇಜ್ ಬರ್ತಾನೇ ಇದೆ, ಹೆಚ್ಚುಕಮ್ಮಿ ಎಲ್ಲರದ್ದೂ ಒಂದೇ ಪ್ರಶ್ನೆ: "50 ಸಾವಿರ ಇಟ್ಕೊಂಡಿದೀನಿ, ಯಾವ ಮಾಡೆಲ್ ತಗೊಳ್ಲಿ?" ಇನ್ನು ಕೆಲವರು ನೇರವಾಗಿ "500 ವ್ಯಾಟ್ ಮೋಟರ್ ಬೇಕು, 100 ಕಿಮೀ ರೇಂಜ್ ಬೇಕು" ಅಂತಲೇ ಶುರು ಮಾಡ್ತಾರೆ. ಒಂದು ಮಾಡೆಲ್ ಹೆಸರು ಹೇಳಿ ಕೈ ತೊಳ್ಕೊಳೋದು ಸುಲಭ, ಆದ್ರೆ ಅದರಿಂದ ನಿಮಗೆ ಏನೂ ಉಪಯೋಗ ಇಲ್ಲ, ಯಾಕಂದ್ರೆ ಮನೆಯಿಂದ ಆಫೀಸಿಗೆ ಹೋಗೋಕೆ ಸಖತ್ತಾಗಿರೋ ಗಾಡಿ ಬೆಂಗಳೂರಿನ ತುರಹಳ್ಳಿ ಕಾಡಿನ ಬಂಡೆ ಮೇಲಿಂದ ಇಳಿಯೋವಾಗ ಕೈ ಕೊಡಬಹುದು. ಅದಕ್ಕೇ ಆರಿಸೋದು ಹೇಗೆ ಅನ್ನೋದನ್ನೇ ಹಂತ ಹಂತವಾಗಿ ಬರೀತಿದೀನಿ.

ನನ್ನ ಅಭಿಪ್ರಾಯ ಮೊದಲೇ ಹೇಳ್ಬಿಡ್ತೀನಿ: ಟ್ರೇಲ್‌ಗೆ ಅಂತ ತಗೊಳೋವಾಗ ಮೊದಲು ನೋಡಬೇಕಾಗಿರೋದು ಬ್ರೇಕು, ಟೈರು, ಸೆನ್ಸರ್ ಮತ್ತೆ ಸರ್ವಿಸ್. ಮೋಟರ್ ವ್ಯಾಟೇಜು, ರೇಂಜು ಇವೆಲ್ಲ ಆಮೇಲೆ. ಜಾಹೀರಾತಲ್ಲಿ ಈ ಕ್ರಮ ಪೂರ್ತಿ ತಲೆಕೆಳಗಾಗಿರುತ್ತೆ.

ಹಂತ 1: ಎಲ್ಲಿ ಓಡಿಸ್ತೀರಾ ಅಂತ ಒಂದು ಚೀಟಿಯಲ್ಲಿ ಬರ್ಕೊಳಿ

ಟ್ರೇಲ್ ಅಂದ್ರೆ ಡಾಂಬರು ಇಲ್ಲದ ದಾರಿ, ಅಷ್ಟೇ ಅಲ್ವಾ ಅಂತ ಅನ್ಕೋಬೇಡಿ. ಕಾಫಿ ತೋಟದ ಜೀಪ್ ರೋಡು ಒಂಥರಾ, ಬೆಂಗಳೂರು ಸುತ್ತಮುತ್ತಲಿನ ಕುರುಚಲು ಕಾಡಿನ ಕಾಲುದಾರಿ ಇನ್ನೊಂಥರಾ. ತುರಹಳ್ಳಿ ಕಡೆ ಬರೀ ಗ್ರಾನೈಟ್ ಬಂಡೆ, ಅದರ ಮೇಲೆ ಉದುರಿದ ಸಣ್ಣ ಕಲ್ಲುಪುಡಿ, ಒಣಗಿದ ಕಾಲದಲ್ಲಿ ಅದೇ ಜಾರೋದು. ಸಕಲೇಶಪುರ, ಚಿಕ್ಕಮಗಳೂರು, ಕೊಡಗು ಕಡೆ ಮಳೆಗಾಲದಲ್ಲಿ ಕೆಂಪು ಕೆಸರು, ಒದ್ದೆ ಬೇರು, ಪಾಚಿ ಹಿಡಿದ ಕಲ್ಲು. ಕರಾವಳಿಗೆ ಹೋದ್ರೆ ಮುರಕಲ್ಲು, ಬಿದ್ರೆ ಮೊಣಕೈ ಚರ್ಮ ಎದ್ದು ಬರುತ್ತೆ. ಬಯಲುಸೀಮೆಯಲ್ಲಿ ದಾರಿ ಸಲೀಸು, ಆದ್ರೆ ಬಳ್ಳಾರಿ ಜಾಲಿ ಮುಳ್ಳು ಎಂಥ ಟ್ಯೂಬನ್ನೂ ಬಿಡಲ್ಲ.

ಹಾಗಾಗಿ ಬರ್ಕೊಳಿ: ವಾರದಲ್ಲಿ ಎಷ್ಟು ದಿನ ಟ್ರೇಲು ಎಷ್ಟು ದಿನ ರೋಡು, ಒಂದು ಸಲ ಹೊರಟ್ರೆ ಒಟ್ಟು ಎಷ್ಟು ಮೀಟರ್ ಏರು ಹತ್ತುತೀರಾ (ಫೋನಲ್ಲಿರೋ ಯಾವ ಸೈಕ್ಲಿಂಗ್ ಆ್ಯಪ್ ಆದ್ರೂ ಇದನ್ನ ತೋರಿಸುತ್ತೆ), ನಿಮ್ಮ ತೂಕ ಎಷ್ಟು, ಮಳೆಯಲ್ಲಿ ಓಡಿಸ್ತೀರೋ ಇಲ್ವೋ, ಮನೆ ಎಷ್ಟನೇ ಮಹಡಿ, ಲಿಫ್ಟ್ ಇದೆಯಾ. ಕೊನೆಯ ಪ್ರಶ್ನೆ ನೋಡಿ ನಗಬೇಡಿ, ಈ ಸೈಕಲ್‌ಗಳು 20ರಿಂದ 25 ಕೆಜಿ ತೂಗುತ್ತವೆ, ಕೆಸರು ಮೆತ್ಕೊಂಡ ಮೇಲೆ ಇನ್ನೂ ಜಾಸ್ತಿ. ಮೂರನೇ ಮಹಡಿಗೆ ದಿನಾ ಹೊತ್ಕೊಂಡು ಹೋಗೋಕೆ ಆಗುತ್ತಾ ಅಂತ ಈಗಲೇ ಯೋಚನೆ ಮಾಡಿ.

ಇದೇ ಹಂತದಲ್ಲಿ ಇನ್ನೊಂದು ಮಾತು. ಸೈಕಲ್ ಇದೆ ಅಂತ ಎಲ್ಲಾ ಕಾಡಿಗೂ ನುಗ್ಗೋ ಹಾಗಿಲ್ಲ. ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳ ಒಳಗೆ ಅನುಮತಿ ಇಲ್ಲದೆ ಹೋಗೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಉಳಿದ ಅರಣ್ಯ ಇಲಾಖೆ ಜಾಗಗಳಲ್ಲೂ ನಿಯಮ ಆಗಾಗ ಬದಲಾಗ್ತಾ ಇರುತ್ತೆ, ಗೇಟ್ ಹತ್ರ ಇರೋ ಬೋರ್ಡ್ ಓದಿ, ಗಾರ್ಡ್‌ನ ಕೇಳಿ, ತೋಟದ ದಾರಿ ಆದ್ರೆ ಮಾಲೀಕರನ್ನ ಕೇಳಿ. ಕಾಡಾನೆ ಓಡಾಡೋ ಕಡೆ ಬೆಳಗಿನ ಜಾವ, ಸಂಜೆ ಹೊತ್ತು ಹೋಗ್ಲೇಬೇಡಿ, ಮೋಟರ್ ಇರೋದ್ರಿಂದ ನೀವು ತಿರುವಲ್ಲಿ ಸದ್ದಿಲ್ಲದೆ ವೇಗವಾಗಿ ಬಂದಿರ್ತೀರಾ, ಆನೆಗೂ ಗೊತ್ತಾಗಲ್ಲ ನಿಮಗೂ ಗೊತ್ತಾಗಲ್ಲ.

ಹಂತ 2: ಕಾನೂನು, ಎರಡೇ ನಂಬರ್ ನೆನಪಿಟ್ಕೊಳಿ

250 ವ್ಯಾಟ್, 25 ಕಿಮೀ. ನಮ್ಮ ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ಪ್ರಕಾರ ಬ್ಯಾಟರಿ ಗಾಡಿಯ ಮೋಟರ್ ಪವರ್ 250 ವ್ಯಾಟ್‌ಗಿಂತ ಕಡಿಮೆ, ವೇಗ ಗಂಟೆಗೆ 25 ಕಿಮೀಗಿಂತ ಕಡಿಮೆ ಇದ್ರೆ (ಜೊತೆಗೆ ತೂಕ, ಬ್ರೇಕು, ರಿಫ್ಲೆಕ್ಟರ್ ಬಗ್ಗೆ ಒಂದಷ್ಟು ಷರತ್ತುಗಳಿವೆ) ಅದನ್ನ ಮೋಟಾರು ವಾಹನ ಅಂತ ಲೆಕ್ಕಕ್ಕೆ ತಗೊಳಲ್ಲ, ಹಾಗಾಗಿ ರಿಜಿಸ್ಟ್ರೇಷನ್ನು, ಲೈಸೆನ್ಸು ಬೇಡ. ಈ 250 ಅನ್ನೋದು ಮೋಟರ್ ಅರ್ಧ ಗಂಟೆ ಸತತವಾಗಿ ಕೊಡಬಲ್ಲ ಪವರ್. ಏರಲ್ಲಿ ಒಂದಷ್ಟು ಕ್ಷಣಕ್ಕೆ ಅದೇ ಮೋಟರ್ ಎರಡು ಪಟ್ಟಿಗಿಂತ ಜಾಸ್ತಿ ಕೊಡಬಹುದು, ಅದು ಪೀಕ್ ಪವರ್. ಒಂದು ಕಂಪನಿ 250 ಅಂತ ಬರೆದು ಇನ್ನೊಂದು ಕಂಪನಿ 600 ಅಂತ ಬರೆದಿದ್ರೆ ಎರಡೂ ಹೆಚ್ಚುಕಮ್ಮಿ ಒಂದೇ ಮೋಟರ್ ಆಗಿರಬಹುದು, ಯಾವ ಲೆಕ್ಕ ಬರೆದಿದ್ದಾರೆ ಅಂತ ಕೇಳಿ.

"ಭಾವ ಅಮೆರಿಕದಿಂದ ಬರ್ತಿದ್ದಾರೆ, ಅಲ್ಲಿಂದ ತರಿಸ್ಲಾ?" ಅಂತ ತುಂಬಾ ಜನ ಕೇಳ್ತಾರೆ. ಬೇಡ. ಅಲ್ಲಿನ ಬಹಳಷ್ಟು ರಾಜ್ಯಗಳಲ್ಲಿ 750 ವ್ಯಾಟ್, ಗಂಟೆಗೆ 20 ಮೈಲಿ ಅಂದ್ರೆ 32 ಕಿಮೀ ತನಕ ಸೈಕಲ್ ಅಂತ ಒಪ್ತಾರೆ, ನಮ್ಮಲ್ಲಿ ಅದು ಮಿತಿ ದಾಟಿದ ಗಾಡಿ. ಅದಕ್ಕಿಂತ ದೊಡ್ಡ ತಲೆನೋವು ಬ್ಯಾಟರಿ: ಪ್ರಯಾಣಿಕರ ವಿಮಾನದಲ್ಲಿ 160 ವ್ಯಾಟ್ ಅವರ್‌ಗಿಂತ (ಬ್ಯಾಟರಿಯಲ್ಲಿರೋ ಶಕ್ತಿಯ ಅಳತೆ, ಹಂತ 5 ನೋಡಿ) ದೊಡ್ಡ ಲಿಥಿಯಂ ಬ್ಯಾಟರಿ ತರೋ ಹಾಗೇ ಇಲ್ಲ, ಇ-ಬೈಕ್ ಬ್ಯಾಟರಿಗಳೆಲ್ಲ ಅದಕ್ಕಿಂತ ಎಷ್ಟೋ ದೊಡ್ಡವು. ಬ್ಯಾಟರಿ ಇಲ್ಲದ ಸೈಕಲ್ ಮಾತ್ರ ಬಂದು ಮನೆಯಲ್ಲಿ ಕೂರುತ್ತೆ.

ಹಂತ 3: ಮೋಟರ್ ಎಲ್ಲಿ ಕೂತಿದೆ ನೋಡಿ

ಎರಡು ಜಾತಿ. ಹಿಂದಿನ ಚಕ್ರದ ನಡುವೆ ಡಬ್ಬಿ ಥರ ಕೂತಿದ್ರೆ ಹಬ್ ಮೋಟರ್. ಪೆಡಲ್ ಇರೋ ಜಾಗದಲ್ಲಿ, ಫ್ರೇಮ್ ಒಳಗೇ ಸೇರ್ಕೊಂಡಿದ್ರೆ ಮಿಡ್ ಡ್ರೈವ್. ನಮ್ಮ ಅಂಗಡಿಗಳಲ್ಲಿ 30ರಿಂದ 60 ಸಾವಿರದ ಆಸುಪಾಸಲ್ಲಿ ಸಿಗೋ ಇಂಡಿಯನ್ ಬ್ರ್ಯಾಂಡ್‌ಗಳು ಬಹುತೇಕ ಎಲ್ಲಾ ಹಬ್ ಮೋಟರೇ. ಬಾಷ್, ಶಿಮಾನೋ, ಯಮಾಹಾ ಥರದ ಮಿಡ್ ಡ್ರೈವ್ ಇರೋ ಸೈಕಲ್‌ಗಳು ಬಹುತೇಕ ಇಂಪೋರ್ಟೆಡ್, ರೇಟು ಲಕ್ಷಗಳಲ್ಲಿ.

ಟ್ರೇಲ್‌ಗೆ ಇದು ಯಾಕೆ ಮುಖ್ಯ ಅಂದ್ರೆ, ಹಬ್ ಮೋಟರ್‌ಗೆ ನಿಮ್ಮ ಗೇರ್ ಗೊತ್ತೇ ಇಲ್ಲ. ಚಕ್ರ ಎಷ್ಟು ಸ್ಪೀಡಲ್ಲಿ ತಿರುಗುತ್ತೋ ಮೋಟರೂ ಆ ಲೆಕ್ಕಕ್ಕೇ ತಿರುಗಬೇಕು. ಕಡಿದಾದ ಏರಲ್ಲಿ 5-6 ಕಿಮೀ ಸ್ಪೀಡಲ್ಲಿ ಹೋಗ್ತಿದ್ದೀರಾ ಅಂದ್ಕೊಳಿ, ಮೋಟರ್ ತನಗೆ ಹೊಂದದ ನಿಧಾನದಲ್ಲಿ ತಿಣುಕುತ್ತೆ, ಬ್ಯಾಟರಿಯಿಂದ ಬರೋ ಕರೆಂಟಲ್ಲಿ ದೊಡ್ಡ ಪಾಲು ಬರೀ ಶಾಖ ಆಗಿ ಹೋಗುತ್ತೆ, ಸುಮಾರು ಹೊತ್ತು ಹಾಗೇ ಎಳೆದ್ರೆ ಕಂಟ್ರೋಲರ್ (ಮೋಟರ್‌ಗೆ ಕರೆಂಟ್ ಅಳೆದು ಕೊಡೋ ಪೆಟ್ಟಿಗೆ) ಪವರ್ ಇಳಿಸುತ್ತೆ, ಅಗ್ಗದ್ರಲ್ಲಿ ಅದೂ ಇಲ್ಲದೆ ಮೋಟರ್ ಒಳಗಿನ ನೈಲಾನ್ ಗೇರ್ ಸವೆದು ಕೂರುತ್ತೆ. ಮಿಡ್ ಡ್ರೈವ್ ನಿಮ್ಮ ಚೈನ್ ಮೂಲಕವೇ ಎಳೆಯೋದ್ರಿಂದ ನೀವು ಹಗುರ ಗೇರಿಗೆ ಹಾಕಿದ ತಕ್ಷಣ ಅದಕ್ಕೂ ಹಗುರ ಆಗುತ್ತೆ. ತೂಕವೂ ಸೈಕಲ್ ನಡುವೆ ತಗ್ಗಲ್ಲಿ ಇರೋದ್ರಿಂದ ಹಿಂದಿನ ಚಕ್ರ ಕಲ್ಲಿನ ಮೇಲೆ ಚೆನ್ನಾಗಿ ಕೂತ್ಕೊಂಡು ಹೋಗುತ್ತೆ, ಹಬ್ ಮೋಟರ್ ಇದ್ರೆ ಹಿಂದುಗಡೆ ಒಂದೊಂದು ಕಲ್ಲಿಗೂ ದಬ್ ದಬ್ ಅಂತ ಏಟು ಗೊತ್ತಾಗುತ್ತೆ.

ಇಲ್ಲಿ ನೋಡಬೇಕಾದ ನಂಬರ್ ಟಾರ್ಕ್, ಅಂದ್ರೆ ತಿರುಚೋ ಬಲ, ನ್ಯೂಟನ್ ಮೀಟರ್ ಲೆಕ್ಕದಲ್ಲಿ ಬರೆದಿರ್ತಾರೆ. ಶಿಮಾನೋ ಇಪಿ8 ಮೋಟರ್ 85 ನ್ಯೂಟನ್ ಮೀಟರ್, ಹಗುರ ಸೈಕಲ್‌ಗಳಿಗೆ ಹಾಕೋ ಟಿಕ್ಯೂ ಎಚ್‌ಪಿಆರ್50 ಬರೀ 50, 2024ರಲ್ಲಿ ಬಂದ ಡಿಜೆಐ ಅವಿನಾಕ್ಸ್ 105. ಜಾಸ್ತಿ ಇದ್ದಷ್ಟೂ ಒಳ್ಳೇದು ಅಂತ ಓಡಬೇಡಿ, ಸಡಿಲ ಕಲ್ಲಿನ ಏರಲ್ಲಿ ಟಾರ್ಕ್ ಜಾಸ್ತಿ ಆದ್ರೆ ಹಿಂದಿನ ಚಕ್ರ ಸುಮ್ನೆ ತಿರುಗಿ ಜಾರುತ್ತೆ. ಮತ್ತೆ ಹಬ್ ಮೋಟರ್‌ನ ಟಾರ್ಕನ್ನೂ ಮಿಡ್ ಡ್ರೈವ್ ಟಾರ್ಕನ್ನೂ ನೇರವಾಗಿ ಹೋಲಿಸೋಕೆ ಬರಲ್ಲ, ಒಂದು ಚಕ್ರದಲ್ಲಿ ಅಳೆದಿದ್ದು ಇನ್ನೊಂದು ಪೆಡಲ್ ಹತ್ರ ಅಳೆದಿದ್ದು.

ಹಾಗಂತ ಹಬ್ ಮೋಟರ್ ಬೇಡವೇ ಬೇಡ ಅಂತ ಅಲ್ಲ. ತೋಟದ ರಸ್ತೆ, ಕೆರೆ ಏರಿ, ಊರ ಹೊರಗಿನ ಮಣ್ಣುದಾರಿ, ಸಾಧಾರಣ ಏರು ಇಷ್ಟೇ ಅಂದ್ರೆ ಹಬ್ ಧಾರಾಳವಾಗಿ ಸಾಕು, ರಿಪೇರಿ ಸುಲಭ, ಚೈನ್ ಮೇಲೆ ಭಾರ ಬೀಳಲ್ಲ. ಮಿಡ್ ಡ್ರೈವಲ್ಲಿ ಚೈನು, ಕ್ಯಾಸೆಟ್ (ಹಿಂದಿನ ಗೇರ್ ಚಕ್ರಗಳ ಗೊಂಚಲು) ಬೇಗ ಸವೆಯುತ್ತೆ, ಚೈನ್ ಎಷ್ಟು ಹಿಗ್ಗಿದೆ ಅಂತ ನೋಡೋ ಗೇಜ್ ಒಂದು ತಗೊಂಡು 0.5 ಪರ್ಸೆಂಟ್ ತೋರಿಸಿದ ತಕ್ಷಣ ಚೈನ್ ಬದಲಾಯಿಸಿ, ಇಲ್ಲಾಂದ್ರೆ ಕ್ಯಾಸೆಟ್ಟೂ ಹೋಗುತ್ತೆ.

ಹಬ್ ಮೋಟರ್ ತಗೊಳೋವ್ರಿಗೆ ಒಂದು ಎಚ್ಚರಿಕೆ, ಇದನ್ನ ಅಂಗಡಿಯವರು ಹೇಳೋದೇ ಇಲ್ಲ. ಹಿಂದಿನ ಚಕ್ರ ಪಂಕ್ಚರ್ ಆದ್ರೆ ಮಾಮೂಲಿ ಸೈಕಲ್ ಥರ ಲಿವರ್ ಎಳೆದು ಚಕ್ರ ಬಿಚ್ಚೋಕೆ ಆಗಲ್ಲ. ಮೋಟರ್ ಆಕ್ಸಲ್ ನಟ್ ಸಾಮಾನ್ಯವಾಗಿ 18 ಎಂಎಂ ಸ್ಪ್ಯಾನರ್ ಕೇಳುತ್ತೆ, ಮೋಟರಿಂದ ಬರೋ ವೈರ್‌ನ ಕನೆಕ್ಟರ್ ಮೊದಲು ಬಿಡಿಸ್ಬೇಕು, ಆಕ್ಸಲ್ ತಿರುಗದ ಹಾಗೆ ಹಿಡಿಯೋ ವಾಷರ್ ಯಾವ ಕಡೆ ಹೇಗಿತ್ತು ಅಂತ ಫೋನಲ್ಲಿ ಫೋಟೋ ತೆಗ್ದು ಇಟ್ಕೋಬೇಕು. ಸ್ಪ್ಯಾನರ್ ಬ್ಯಾಗಲ್ಲಿ ಇಲ್ಲಾಂದ್ರೆ ಕಾಡಿಂದ ಹೊರಗೆ ತಳ್ಕೊಂಡೇ ಬರಬೇಕು. ತಗೊಂಡ ವಾರದಲ್ಲೇ ಮನೆಯಲ್ಲಿ ಒಂದು ಸಲ ಚಕ್ರ ಬಿಚ್ಚಿ ಹಾಕಿ ಅಭ್ಯಾಸ ಮಾಡ್ಕೊಳಿ.

ಹಂತ 4: ಸೆನ್ಸರ್, ಎಲ್ಲರೂ ಮರೆಯೋದು ಇದನ್ನೇ

ನೀವು ಪೆಡಲ್ ಮಾಡ್ತಿದ್ದೀರಾ ಅಂತ ಮೋಟರ್‌ಗೆ ಹೇಳೋದು ಸೆನ್ಸರ್. ಕೇಡೆನ್ಸ್ ಸೆನ್ಸರ್ ಅಂದ್ರೆ ಪೆಡಲ್ ತಿರುಗ್ತಿದೆಯಾ ಇಲ್ವಾ ಅಷ್ಟೇ ನೋಡುತ್ತೆ, ಕ್ರ್ಯಾಂಕ್ (ಪೆಡಲ್ ಕೂತಿರೋ ತೋಳು) ಪಕ್ಕ ಸಣ್ಣ ಆಯಸ್ಕಾಂತಗಳಿರೋ ಒಂದು ಪ್ಲಾಸ್ಟಿಕ್ ಬಳೆ ಇರುತ್ತೆ, ಅದು ತಿರುಗಿದ್ರೆ ಮೋಟರ್ ಆನ್. ಟಾರ್ಕ್ ಸೆನ್ಸರ್ ನೀವು ಎಷ್ಟು ಜೋರಾಗಿ ತುಳಿತಿದ್ದೀರಾ ಅಂತ ಅಳೆದು ಅಷ್ಟಕ್ಕೆ ತಕ್ಕಂತೆ ಸಹಾಯ ಕೊಡುತ್ತೆ.

ರೋಡಲ್ಲಿ ಎರಡೂ ನಡೆಯುತ್ತೆ. ಟ್ರೇಲಲ್ಲಿ ವ್ಯತ್ಯಾಸ ಕೈಕಾಲಿಗೆ ಗೊತ್ತಾಗುತ್ತೆ. ಒಂದು ಬಿಗಿ ತಿರುವು, ಪಕ್ಕದಲ್ಲಿ ಇಳಿಜಾರು, ನೀವು ಪೆಡಲ್ ಅರ್ಧ ಸುತ್ತು ಮಾತ್ರ ತಿರುಗಿಸಿ ಬ್ಯಾಲೆನ್ಸ್ ಮಾಡ್ತಿದ್ದೀರಾ. ಕೇಡೆನ್ಸ್ ಸೆನ್ಸರ್ ಮೊದಲು ಸುಮ್ನಿದ್ದು ಆಮೇಲೆ ಒಮ್ಮೆಲೇ ಫುಲ್ ತಳ್ಳುತ್ತೆ, ನೀವು ಪೆಡಲ್ ನಿಲ್ಲಿಸಿದ ಮೇಲೂ ಒಂದು ಕ್ಷಣ ತಳ್ತಾನೇ ಇರುತ್ತೆ, ಆ ಒಂದು ಕ್ಷಣದಲ್ಲಿ ಮುಂದಿನ ಚಕ್ರ ದಾರಿ ಅಂಚು ದಾಟಿರುತ್ತೆ. ಅದಕ್ಕೇ ಬಂಡೆ, ತಿರುವು, ಕಡಿದಾದ ಏರು ಇರೋ ನಿಜವಾದ ಟ್ರೇಲ್ ನಿಮ್ಮ ಚೀಟಿಯಲ್ಲಿ ಇದ್ರೆ ಟಾರ್ಕ್ ಸೆನ್ಸರ್ ಇಲ್ಲದ್ದನ್ನ ತಗೋಬೇಡಿ ಅಂತಲೇ ನನ್ನ ಸಲಹೆ, ಬಜೆಟ್ ಸಾಲದಿದ್ರೆ ನಾಲ್ಕು ತಿಂಗಳು ಕಾಯಿರಿ.

ಬಜೆಟ್ ಕಾರಣಕ್ಕೆ ಕೇಡೆನ್ಸ್ ಸೆನ್ಸರ್ ಇರೋದೇ ತಗೊಂಡ್ರೆ ಬ್ರೇಕ್ ಲಿವರಲ್ಲಿ ಮೋಟರ್ ಕಟ್ ಆಫ್ ಇರಲೇಬೇಕು, ಅಂದ್ರೆ ಬ್ರೇಕ್ ಮುಟ್ಟಿದ ತಕ್ಷಣ ಮೋಟರ್ ನಿಲ್ಲಬೇಕು. ಅಂಗಡಿಯಲ್ಲೇ ಚೆಕ್ ಮಾಡಿ: ಹಿಂದಿನ ಚಕ್ರ ಎತ್ತಿ ಹಿಡಿಸಿ ಥ್ರಾಟಲ್ (ಪೆಡಲ್ ತುಳಿಯದೆ ಮೋಟರ್ ಓಡಿಸೋ ಹಿಡಿ) ಕೊಡಿ, ಬ್ರೇಕ್ ಲಿವರ್ ಹಗುರವಾಗಿ ಮುಟ್ಟಿ. ಪ್ಯಾಡ್ ಡಿಸ್ಕಿಗೆ ತಾಗೋ ಮುಂಚೆನೇ ಮೋಟರ್ ಸದ್ದು ನಿಲ್ಲಬೇಕು. ಎಡ ಬಲ ಎರಡೂ ಲಿವರ್ ನೋಡಿ.

ಥ್ರಾಟಲ್ ಬಗ್ಗೆ: ಸ್ಕೂಟರ್ ಥರ ಕಿವಿ ತಿರುಗಿಸೋದು ರೋಡಲ್ಲಿ ಅನುಕೂಲ, ಟ್ರೇಲಲ್ಲಿ ಕುಲುಕಾಟಕ್ಕೆ ಕೈ ತಾನಾಗೇ ತಿರುಗಿಸಿಬಿಡುತ್ತೆ. ಹೆಬ್ಬೆರಳಲ್ಲಿ ಒತ್ತೋ ಥರದ್ದು ಇದ್ರೆ ಪರವಾಗಿಲ್ಲ, ಇಳಿಯೋವಾಗ ಅಸಿಸ್ಟ್ (ಮೋಟರ್ ಸಹಾಯದ ಮಟ್ಟ) ಸೊನ್ನೆಗೆ ಹಾಕಿ.

ಹಂತ 5: ಬ್ಯಾಟರಿ ಲೆಕ್ಕ ನೀವೇ ಹಾಕಿ

ಕಂಪನಿ ಬರೆಯೋ ಕಿಲೋಮೀಟರ್ ರೇಂಜ್ ಪೂರ್ತಿ ಮರೆತುಬಿಡಿ, ಅದು ಸಪಾಟು ರೋಡು, ಕಡಿಮೆ ಅಸಿಸ್ಟ್ ಲೆಕ್ಕ. ನಿಮಗೆ ಬೇಕಾಗಿರೋದು ವ್ಯಾಟ್ ಅವರ್, ಬ್ಯಾಟರಿಯಲ್ಲಿ ಒಟ್ಟು ಎಷ್ಟು ಶಕ್ತಿ ಇದೆ ಅನ್ನೋದು. ವೋಲ್ಟನ್ನ ಆಂಪಿಯರ್ ಅವರ್‌ನಿಂದ ಗುಣಿಸಿದ್ರೆ ಸಿಗುತ್ತೆ. 36 ವೋಲ್ಟ್, 10 ಆಂಪಿಯರ್ ಅವರ್ ಇದ್ರೆ 360. 7.8 ಆಂಪಿಯರ್ ಅವರ್ ಇದ್ರೆ ಬರೀ 280 ಚಿಲ್ಲರೆ.

ಈಗ ಏರಿನ ಲೆಕ್ಕ. ನೀವು, ಸೈಕಲ್ಲು, ನೀರು, ಬ್ಯಾಗು ಎಲ್ಲಾ ಸೇರಿ 100 ಕೆಜಿ ಅಂತ ಇಟ್ಕೊಳಿ. ಇಷ್ಟು ತೂಕನ 100 ಮೀಟರ್ ಎತ್ತರಕ್ಕೆ ಎತ್ತೋಕೆ ಸುಮಾರು 27 ವ್ಯಾಟ್ ಅವರ್ ಬೇಕು, ಇದು ಭೌತಶಾಸ್ತ್ರ, ಯಾವ ಬ್ರ್ಯಾಂಡ್ ಬಂದ್ರೂ ಬದಲಾಗಲ್ಲ. ಇದರಲ್ಲಿ ಒಂದು ಪಾಲು ನಿಮ್ಮ ಕಾಲು ಕೊಡುತ್ತೆ, ಆದ್ರೆ ಮೋಟರ್ ಶಾಖಕ್ಕೆ, ಟೈರ್ ಒರಟು ನೆಲದಲ್ಲಿ ಉರುಳೋದಕ್ಕೆ ಒಂದಷ್ಟು ನಷ್ಟ ಆಗುತ್ತೆ, ಹಾಗಾಗಿ ನೀವೂ ಚೆನ್ನಾಗಿ ತುಳಿದ್ರೆ 100 ಮೀಟರ್ ಏರಿಗೆ 30 ವ್ಯಾಟ್ ಅವರ್ ಅಂತ ಲೆಕ್ಕ ಇಟ್ಕೊಂಡ್ರೆ ಮೋಸ ಇಲ್ಲ. 360ರ ಬ್ಯಾಟರಿಯಲ್ಲಿ ಕೊನೆಯ 20 ಪರ್ಸೆಂಟ್ ಬಿಟ್ಟು ಸುಮಾರು 290 ಉಪಯೋಗಕ್ಕೆ ಸಿಗುತ್ತೆ, ಅಂದ್ರೆ ಒಟ್ಟು 900ರಿಂದ 1000 ಮೀಟರ್ ಏರು. ಬರೀ ಥ್ರಾಟಲಲ್ಲೇ ಹತ್ತಿದ್ರೆ ಅರ್ಧ ದಾರಿಗೆ ಸುಮಾರಾಗಿ ಖಾಲಿ ಆಗಿರುತ್ತೆ. ನಿಮ್ಮ ತೂಕ ಜಾಸ್ತಿ ಇದ್ರೆ ಅದೇ ಪ್ರಮಾಣದಲ್ಲಿ ಕಡಿಮೆ ಮಾಡ್ಕೊಳಿ.

ಹಂತ 1ರಲ್ಲಿ ಬರೆದ ಏರಿಗೆ ಇದನ್ನ ಹೊಂದಿಸಿ ನೋಡಿದ್ರೆ ಎಷ್ಟು ದೊಡ್ಡ ಬ್ಯಾಟರಿ ಬೇಕು ಅಂತ ಸ್ಪಷ್ಟ ಆಗುತ್ತೆ, ಸುಮ್ನೆ ದೊಡ್ಡದು ತಗೊಂಡು ತೂಕ ಹೆಚ್ಚಿಗೆ ಹೊರೋದು ಬೇಡ. "ಇಳಿಯೋವಾಗ ಚಾರ್ಜ್ ಆಗಲ್ವಾ?" ಅಂತ ಕೇಳ್ತೀರಾ, ಆಗಲ್ಲ. ಗೇರ್ ಇರೋ ಹಬ್ ಮೋಟರಲ್ಲೂ ಮಿಡ್ ಡ್ರೈವಲ್ಲೂ ಒಳಗೆ ಫ್ರೀವೀಲ್ ಥರದ ಕ್ಲಚ್ ಇರೋದ್ರಿಂದ ಚಕ್ರ ಮೋಟರನ್ನ ತಿರುಗಿಸಲ್ಲ.

ಬ್ಯಾಟರಿ ಕೀಲಿ ಹಾಕಿ ಹೊರಗೆ ತೆಗೆಯೋಕೆ ಬರಬೇಕು, ಅಪಾರ್ಟ್‌ಮೆಂಟಲ್ಲಿ ಇರೋವ್ರಿಗೆ ಇದು ಕಡ್ಡಾಯ ಅಂತಲೇ ಇಟ್ಕೊಳಿ. ರೈಡ್ ಮುಗಿಸಿ ಬಂದ ತಕ್ಷಣ ಬಿಸಿ ಬ್ಯಾಟರಿಗೆ ಚಾರ್ಜರ್ ಸಿಕ್ಕಿಸ್ಬೇಡಿ, ಆರಲಿ. ಮಳೆಗಾಲ ಪೂರ್ತಿ ಓಡಿಸಲ್ಲ ಅಂದ್ರೆ ಅರ್ಧದಷ್ಟು ಚಾರ್ಜಲ್ಲಿ ತಂಪಾದ ಜಾಗದಲ್ಲಿಡಿ, ಫುಲ್ ಮಾಡಿ ಇಡೋದೂ ಬೇಡ ಖಾಲಿ ಮಾಡಿ ಇಡೋದೂ ಬೇಡ. ಮನೆಯಿಂದ ಹೊರಗೆ ಹೋಗೋ ಬಾಗಿಲ ಹತ್ರ, ಮಲಗೋ ಕೋಣೆಯಲ್ಲಿ ಚಾರ್ಜ್ ಮಾಡ್ಬೇಡಿ.

ಹಂತ 6: ಬ್ರೇಕು

ಇಲ್ಲಿ ಮಾತ್ರ ರಾಜಿ ಆಗ್ಬೇಡಿ. ಮಾಮೂಲಿ ಮೌಂಟನ್ ಬೈಕಿಗಿಂತ ಈ ಗಾಡಿ ಏಳೆಂಟು ಕೆಜಿ ಜಾಸ್ತಿ ತೂಗುತ್ತೆ, ಮೇಲಕ್ಕೆ ಮೋಟರ್ ಎಳ್ಕೊಂಡು ಹೋಗುತ್ತೆ ಆದ್ರೆ ಕೆಳಗೆ ಬರೋವಾಗ ಆ ತೂಕನ ನಿಲ್ಲಿಸೋದು ನಿಮ್ಮ ಎರಡು ಬೆರಳು.

ಡಿಸ್ಕ್ ಬ್ರೇಕ್ ಅಂತ ಬರೆದಿದ್ರೆ ಸಾಲದು, ಯಾವ ಥರದ ಡಿಸ್ಕ್ ಅಂತ ನೋಡಿ. ಲಿವರಿಂದ ಕ್ಯಾಲಿಪರ್‌ಗೆ (ಡಿಸ್ಕ್ ಹಿಡಿಯೋ ಭಾಗಕ್ಕೆ) ತಂತಿ ಕೇಬಲ್ ಹೋಗಿದ್ರೆ ಅದು ಮೆಕ್ಯಾನಿಕಲ್, ಎಣ್ಣೆ ತುಂಬಿದ ಪೈಪ್ ಇದ್ರೆ ಹೈಡ್ರಾಲಿಕ್. ಅಗ್ಗದ ಮಾಡೆಲ್‌ಗಳಲ್ಲಿ ಮೆಕ್ಯಾನಿಕಲ್ಲೇ ಜಾಸ್ತಿ. ಉದ್ದ ಇಳಿಜಾರಲ್ಲಿ ಅದನ್ನ ಬಲವಾಗಿ ಹಿಂಡಿ ಹಿಂಡಿ ಮುಂಗೈ ಸೋತು ಹೋಗುತ್ತೆ, ಪ್ಯಾಡ್ ಸವೆದ ಹಾಗೆ ಲಿವರ್ ಹ್ಯಾಂಡಲ್‌ಬಾರ್ ತನಕ ಬರೋಕೆ ಶುರುವಾಗುತ್ತೆ, ಕೆಸರಲ್ಲಿ ಕೇಬಲ್ ಬಿಗಿಯಾಗುತ್ತೆ. ಟ್ರೇಲ್‌ಗೆ ಹೈಡ್ರಾಲಿಕ್ಕೇ ಬೇಕು. ಮುಂದಿನ ಡಿಸ್ಕ್ ಕನಿಷ್ಠ 180 ಎಂಎಂ, ನಿಮ್ಮ ತೂಕ 80 ಕೆಜಿ ದಾಟಿದ್ರೆ ಅಥವಾ ಮಲೆನಾಡಿನ ಉದ್ದ ಇಳಿಜಾರು ಇದ್ರೆ 200 ಅಥವಾ 203. ಕ್ಯಾಲಿಪರಲ್ಲಿ ನಾಲ್ಕು ಪಿಸ್ಟನ್ ಇದ್ರೆ ಇನ್ನೂ ಒಳ್ಳೇದು.

ಎಲ್ಲಾ ಹಿಡಿಸಿದೆ, ಬ್ರೇಕ್ ಮಾತ್ರ ಮೆಕ್ಯಾನಿಕಲ್ ಅಂದ್ರೆ ಬದಲಾಯಿಸೋ ಖರ್ಚನ್ನ ಗಾಡಿ ರೇಟಿಗೇ ಸೇರಿಸಿ ಲೆಕ್ಕ ಹಾಕಿ. ಆದ್ರೆ ಗಮನಿಸಿ, ಮೋಟರ್ ಕಟ್ ಆಫ್ ವೈರ್ ಹಳೇ ಲಿವರಲ್ಲಿ ಇರುತ್ತೆ, ಹೊಸ ಲಿವರ್‌ಗೂ ಕಟ್ ಆಫ್ ಇರಬೇಕು ಅಥವಾ ಹೊರಗಿಂದ ಅಂಟಿಸೋ ಸೆನ್ಸರ್ ಹಾಕಿಸ್ಬೇಕು. ಬಹಳ ಮೆಕ್ಯಾನಿಕ್‌ಗಳು ಆ ವೈರನ್ನ ಹಾಗೇ ಕಟ್ಟಿ ಬಿಟ್ಟುಬಿಡ್ತಾರೆ.

ಹಂತ 7: ಸಸ್ಪೆನ್ಷನ್ನು, ಫ್ರೇಮ್ ಸೈಜು

ಮುಂದೆ ಮಾತ್ರ ಸಸ್ಪೆನ್ಷನ್ ಇದ್ರೆ ಹಾರ್ಡ್‌ಟೇಲ್, ಹಿಂದೂ ಇದ್ರೆ ಫುಲ್ ಸಸ್ಪೆನ್ಷನ್. ಲಕ್ಷದೊಳಗೆ ಫುಲ್ ಸಸ್ಪೆನ್ಷನ್ ಅಂತ ಮಾರೋದನ್ನ ದಯವಿಟ್ಟು ತಗೋಬೇಡಿ, ಹಿಂದೆ ಒಂದು ಸ್ಪ್ರಿಂಗ್ ಕೂರಿಸಿರ್ತಾರೆ, ಪೆಡಲ್ ಮಾಡಿದಾಗೆಲ್ಲ ಕುಣಿಯುತ್ತೆ, ಆರು ತಿಂಗಳಲ್ಲಿ ಕೀಲುಗಳು ಸಡಿಲ ಆಗಿ ಕಟಕಟ ಅನ್ನೋಕೆ ಶುರು. ಅದೇ ದುಡ್ಡಲ್ಲಿ ಒಳ್ಳೆ ಹಾರ್ಡ್‌ಟೇಲ್ ಬರುತ್ತೆ.

ಮುಂದಿನ ಫೋರ್ಕ್ (ಮುಂದಿನ ಚಕ್ರ ಹಿಡಿಯೋ ಕವಲು) 100ರಿಂದ 120 ಎಂಎಂ ಕುಗ್ಗೋದಾದ್ರೆ ಹಾರ್ಡ್‌ಟೇಲ್‌ಗೆ ಸಾಕು, ನಿಜವಾದ ಟ್ರೇಲ್ ಫುಲ್ ಸಸ್ಪೆನ್ಷನಲ್ಲಿ 130ರಿಂದ 150 ಇರುತ್ತೆ. ಗಾಳಿ ತುಂಬೋ ಫೋರ್ಕ್ ಆದ್ರೆ ನಿಮ್ಮ ತೂಕಕ್ಕೆ ಹೊಂದಿಸಬಹುದು, ಗಾಡಿ ಮೇಲೆ ನೀವು ಸುಮ್ನೆ ನಿಂತಾಗ ಒಟ್ಟು ಅಳತೆಯ ಐದನೇ ಒಂದು ಭಾಗದಷ್ಟು ಕುಗ್ಗಿದ್ರೆ ಸರಿ. ಸ್ಪ್ರಿಂಗ್ ಫೋರ್ಕ್ ಆದ್ರೆ ತುಂಬಾ ಹಗುರ ಇರೋವ್ರಿಗೂ ತುಂಬಾ ಭಾರ ಇರೋವ್ರಿಗೂ ಹೊಂದಲ್ಲ.

ಮುಂದೆ ಫೋರ್ಕ್ ಬದಲಾಯಿಸೋ ಆಸೆ ಇದ್ರೆ ಫ್ರೇಮಿನ ಮುಂದಿನ ಟ್ಯೂಬ್ ಕೆಳಗಡೆ ದಪ್ಪ ಆಗಿದೆಯಾ ನೋಡಿ, ಅದನ್ನ ಟೇಪರ್ಡ್ ಅಂತಾರೆ. ಮೇಲೂ ಕೆಳಗೂ ಒಂದೇ ಅಗಲ ಇದ್ರೆ ಈಗ ಬರೋ ಒಳ್ಳೆ ಫೋರ್ಕ್‌ಗಳಲ್ಲಿ ಬಹಳಷ್ಟು ಅದಕ್ಕೆ ನೇರವಾಗಿ ಕೂರಲ್ಲ.

ಸೈಜ್ ಬಗ್ಗೆ ಉದಾಸೀನ ಬೇಡ. ನಮ್ಮಲ್ಲಿ ಬಹಳ ಇ-ಬೈಕ್ ಒಂದೇ ಸೈಜಲ್ಲಿ ಬರುತ್ತೆ, 29 ಇಂಚಿನ ಚಕ್ರ ಬೇರೆ. 5 ಅಡಿ 4 ಇಂಚು ಇರೋವ್ರು ಅದರ ಮೇಲಿನ ಕೊಳವೆಯ ಆಚೆಈಚೆ ಕಾಲಿಟ್ಟು ನಿಂತ್ರೆ ಜಾಗವೇ ಉಳಿಯಲ್ಲ. ಎರಡೂ ಪಾದ ಪೂರ್ತಿ ನೆಲಕ್ಕೆ ಊರಿ ನಿಂತಾಗ ಕೊಳವೆಗೂ ನಿಮಗೂ ನಡುವೆ ಎರಡು ಮೂರು ಇಂಚು ಅಂತರ ಇರಬೇಕು, ಕಲ್ಲಿನ ಏರಲ್ಲಿ ದಿಢೀರ್ ಅಂತ ಇಳಿಯಬೇಕಾದಾಗ ಇದರ ಬೆಲೆ ಗೊತ್ತಾಗುತ್ತೆ. ಕುಳ್ಳಗಿರೋವ್ರಿಗೆ 27.5 ಇಂಚಿನ ಚಕ್ರ ಒಳ್ಳೇದು.

ಹಂತ 8: ಟೈರು

ಅಗಲ 2.3ರಿಂದ 2.6 ಇಂಚು. 4 ಇಂಚಿನ ಫ್ಯಾಟ್ ಟೈರ್ ನೋಡೋಕೆ ದಿಮಾಕಾಗಿರುತ್ತೆ, ಮರಳಲ್ಲಿ, ಹಿಮದಲ್ಲಿ ಕೆಲಸಕ್ಕೆ ಬರುತ್ತೆ, ನಮ್ಮ ಟ್ರೇಲ್‌ಗಳಲ್ಲಿ ಬ್ಯಾಟರಿ ತಿನ್ನುತ್ತೆ ಅಷ್ಟೇ.

ರಿಮ್ ಮೇಲೆ ಟ್ಯೂಬ್‌ಲೆಸ್ ರೆಡಿ ಅಂತ ಬರೆದಿದ್ರೆ ಅದನ್ನ ಮಾಡಿಸ್ಕೊಳಿ, ಒಳಗೆ ಸೀಲಂಟ್ ಅನ್ನೋ ಹಾಲಿನಂಥ ದ್ರವ ಇರುತ್ತೆ, ಮುಳ್ಳು ಚುಚ್ಚಿದ ತೂತನ್ನ ಅದೇ ಮುಚ್ಚುತ್ತೆ. ಜಾಲಿ ಇರೋ ಕಡೆ ಇದಕ್ಕಿಂತ ದೊಡ್ಡ ನೆಮ್ಮದಿ ಇಲ್ಲ. ನಮ್ಮ ಬಿಸಿಲಿಗೆ ಎರಡು ಮೂರು ತಿಂಗಳಲ್ಲಿ ಒಣಗಿ ಹೋಗುತ್ತೆ, ನೆನಪಿಟ್ಟು ಮತ್ತೆ ಹಾಕಿ. ಗಾಳಿ ಟ್ಯೂಬ್‌ಲೆಸ್ ಆದ್ರೆ 22ರಿಂದ 28 ಪಿಎಸ್‌ಐ, ಟ್ಯೂಬ್ ಇದ್ರೆ 30ರ ಮೇಲೆ. ಪೆಟ್ರೋಲ್ ಬಂಕಲ್ಲಿ 50 ತುಂಬಿಸ್ಕೊಂಡು ಟ್ರೇಲ್‌ಗೆ ಹೋಗಿ "ಗ್ರಿಪ್ಪೇ ಇಲ್ಲ" ಅನ್ನೋವ್ರು ಬಹಳ ಜನ, ಮೊದಲು ಗಾಳಿ ಬಿಡಿ.

ಮಲೆನಾಡಿನ ಕೆಸರಿಗೆ ಅಂದ್ರೆ ಟೈರ್‌ಗೂ ಫ್ರೇಮ್‌ಗೂ ನಡುವೆ ಬೆರಳು ಆರಾಮಾಗಿ ಹೋಗೋಷ್ಟು ಜಾಗ ಇರಬೇಕು, ಇಲ್ಲಾಂದ್ರೆ ಜೇಡಿಮಣ್ಣು ಸಿಕ್ಕಾಕೊಂಡು ಚಕ್ರನೇ ನಿಲ್ಲುತ್ತೆ.

ಹಂತ 9: ಮಳೆ

ಐಪಿ ರೇಟಿಂಗ್ ಕೇಳಿ, ನೀರು ಧೂಳು ಎಷ್ಟು ತಡೆಯುತ್ತೆ ಅನ್ನೋ ಅಳತೆ ಅದು. ಕೊನೆಯ ಅಂಕಿ 4 ಇದ್ರೆ ಎರಚೋ ನೀರು ತಡೆಯುತ್ತೆ, 7 ಇದ್ರೆ ಸ್ವಲ್ಪ ಹೊತ್ತು ಮುಳುಗಿದ್ರೂ ತಡೆಯುತ್ತೆ. ಮೋಟರ್‌ಗೆ ಒಂದು, ಬ್ಯಾಟರಿಗೆ ಒಂದು, ಡಿಸ್‌ಪ್ಲೇಗೆ ಇನ್ನೊಂದು ಇರುತ್ತೆ, ಬೇರೆ ಬೇರೆಯಾಗಿ ಕೇಳಿ.

ಹಬ್ ಮೋಟರ್ ವೈರ್ ಆಕ್ಸಲ್‌ನಿಂದ ಹೊರಗೆ ಬರೋ ಜಾಗ ಬಗ್ಗಿ ನೋಡಿ. ವೈರ್ ಮೊದಲು ಕೆಳಕ್ಕೆ ಇಳಿದು ಒಂದು ಸಣ್ಣ ಬಾಗು ಮಾಡಿ ಆಮೇಲೆ ಮೇಲಕ್ಕೆ ಹೋಗಿರಬೇಕು, ಆಗ ಮಳೆನೀರು ಆ ಬಾಗಿನ ತುದಿಯಿಂದ ತೊಟ್ಟಿಕ್ಕಿ ಕೆಳಗೆ ಬೀಳುತ್ತೆ. ಮೇಲಿಂದ ನೇರ ಇಳಿದು ಆಕ್ಸಲ್ ಒಳಗೆ ಹೋಗಿದ್ರೆ ನೀರು ಅದೇ ವೈರ್ ಹಿಡ್ಕೊಂಡು ಮೋಟರ್ ಒಳಗೇ ಹೋಗುತ್ತೆ. ಹಾಗಿದ್ರೆ ಕೇಬಲ್ ಟೈ ಬಿಚ್ಚಿ ಸರಿಯಾಗಿ ಕಟ್ಟಿಸಿ, ಐದು ನಿಮಿಷದ ಕೆಲಸ. ಮತ್ತೆ ವಾಟರ್ ಸರ್ವಿಸ್‌ಗೆ ಕೊಟ್ಟು ಪ್ರೆಷರ್ ಗನ್ ಹೊಡೆಸ್ಬೇಡಿ, ಬಕೆಟ್ ನೀರು, ಬ್ರಷ್ಷು, ಬಟ್ಟೆ ಸಾಕು.

ಹಂತ 10: ಸರ್ವಿಸ್, ವಾರಂಟಿ

ಅಂಗಡಿಯವರನ್ನ ಈ ಮೂರು ಕೇಳಿ, ಉತ್ತರ ವಾಟ್ಸಾಪಲ್ಲಿ ಬರೆದು ಕಳ್ಸಿ ಅನ್ನಿ. ಇದೇ ಬ್ಯಾಟರಿ ಬೇರೆಯಾಗಿ ತಗೊಂಡ್ರೆ ಇವತ್ತು ರೇಟ್ ಎಷ್ಟು? ಕಂಟ್ರೋಲರ್ರು, ಡಿಸ್‌ಪ್ಲೇ ಸ್ಟಾಕಲ್ಲಿ ಇರುತ್ತಾ, ಇಲ್ಲಾಂದ್ರೆ ಎಷ್ಟು ದಿನ? ಟ್ರೇಲಲ್ಲಿ ಓಡಿಸಿದ್ರೆ ಫ್ರೇಮ್ ವಾರಂಟಿ ಇರುತ್ತಾ? ಮೂರನೇದು ಕೇಳಿದಾಗ ಮುಖ ನೋಡಿ, ಎಷ್ಟೋ ಮಾಡೆಲ್‌ಗಳ ವಾರಂಟಿ ಪುಸ್ತಕದಲ್ಲಿ ಜಂಪು, ಆಫ್ ರೋಡು ಹೊರಗಿಟ್ಟಿರ್ತಾರೆ, ಸ್ಟಿಕರ್ ಮಾತ್ರ ಮೌಂಟನ್ ಅಂತ ಇರುತ್ತೆ.

ಮಿಡ್ ಡ್ರೈವ್ ಆದ್ರೆ ಎರರ್ ಕೋಡ್ ಓದೋಕೆ ಡೀಲರ್ ಹತ್ರ ಇರೋ ಸಾಫ್ಟ್‌ವೇರೇ ಬೇಕಾಗುತ್ತೆ, ಹಾಗಾಗಿ ಹತ್ತಿರದ ಅಧಿಕೃತ ಡೀಲರ್ ಯಾರು ಅಂತ ಮೊದಲೇ ತಿಳ್ಕೊಳಿ. ಹಾಸನದಲ್ಲಿ ಕೂತು ಮುಂಬೈಗೆ ಪಾರ್ಸಲ್ ಮಾಡೋ ಪರಿಸ್ಥಿತಿ ಬೇಡ, ಲಿಥಿಯಂ ಬ್ಯಾಟರಿನ ಎಲ್ಲಾ ಕೊರಿಯರ್‌ನವರು ತಗೊಳೋದೂ ಇಲ್ಲ.

ಸೆಕೆಂಡ್ ಹ್ಯಾಂಡ್ ನೋಡ್ತಿದ್ರೆ ಒಂದು ಮಲ್ಟಿಮೀಟರ್ ತಗೊಂಡು ಹೋಗಿ. 36 ವೋಲ್ಟ್ ಬ್ಯಾಟರಿ ಫುಲ್ ಚಾರ್ಜಲ್ಲಿ 42 ವೋಲ್ಟ್ ಹತ್ತಿರ ತೋರಿಸ್ಬೇಕು. ಅಷ್ಟು ತೋರಿಸಿದ್ರೂ ನಂಬಬೇಡಿ, ಒಂದು ದೊಡ್ಡ ಏರಲ್ಲಿ ಹತ್ತು ನಿಮಿಷ ಓಡಿಸಿ, ಡಿಸ್‌ಪ್ಲೇಯಲ್ಲಿ ಕಡ್ಡಿಗಳು ಏರಲ್ಲಿ ದಡಾರ್ ಅಂತ ಇಳಿದು ಸಪಾಟಲ್ಲಿ ಮತ್ತೆ ಮೇಲೆ ಬಂದ್ರೆ ಸೆಲ್‌ಗಳು ಸೊರಗಿವೆ ಅಂತ ಅರ್ಥ. ಬ್ಯಾಟರಿ ಕೇಸ್ ಬಿಚ್ಚಿದ ಗುರುತು ಇದ್ರೆ ಅಲ್ಲಿಂದ ಎದ್ದು ಬನ್ನಿ.

ಹಂತ 11: ಟೆಸ್ಟ್ ರೈಡ್

ಅಂಗಡಿ ಮುಂದಿನ ರಸ್ತೆಯಲ್ಲಿ ಒಂದು ರೌಂಡ್ ಹೊಡೆದ್ರೆ ಎಲ್ಲಾ ಗಾಡಿನೂ ಚೆನ್ನಾಗೇ ಅನ್ಸುತ್ತೆ. ಹತ್ತಿರದಲ್ಲಿ ಒಂದು ಕಡಿದಾದ ಏರು ಮೊದಲೇ ನೋಡಿಟ್ಕೊಂಡು ಹೋಗಿ, ಫ್ಲೈಓವರ್ ಪಕ್ಕದ ಮಣ್ಣಿನ ದಿಬ್ಬ ಆದ್ರೂ ಸರಿ. ಏರಿನ ನಡುವೆ ಪೂರ್ತಿ ನಿಲ್ಲಿಸಿ ಅಲ್ಲಿಂದಲೇ ಹೊರಡಿ, ಸೆನ್ಸರ್ ಎಂಥದ್ದು ಅಂತ ಒಂದೇ ಸಲಕ್ಕೆ ಗೊತ್ತಾಗುತ್ತೆ. ಆಮೇಲೆ ಮೋಟರ್ ಆಫ್ ಮಾಡಿ ಸಪಾಟಲ್ಲಿ ಒಂದು ಕಿಲೋಮೀಟರ್ ತುಳಿಯಿರಿ, ಬ್ಯಾಟರಿ ಮುಗಿದ ದಿನ ಮನೆಗೆ ಬರೋದು ಹೀಗೇ. ಇಳಿಜಾರಲ್ಲಿ ಒಂದೊಂದೇ ಬೆರಳಲ್ಲಿ ಬ್ರೇಕ್ ಹಿಡಿದು ನೋಡಿ. ಕೊನೆಗೆ ಗಾಡಿ ಎತ್ತಿ ಎರಡು ಮೆಟ್ಟಿಲು ಹತ್ತಿ, ಕಾರಲ್ಲಿ ಒಯ್ಯೋದಾದ್ರೆ ನಿಮ್ಮ ರ‍್ಯಾಕ್ ಒಂದು ಸೈಕಲ್‌ಗೆ ಎಷ್ಟು ಕೆಜಿ ತಡೆಯುತ್ತೆ ಅಂತಲೂ ನೋಡ್ಕೊಳಿ, ಹಳೇ ರ‍್ಯಾಕ್‌ಗಳು 15 ಕೆಜಿಗೆ ಮಾಡಿರೋವು.

ಕೊನೆಗೆ ಏನು ತಗೋಬೇಕು ಅಂದ್ರೆ

60 ಸಾವಿರದೊಳಗೆ: ಹಬ್ ಮೋಟರ್ ಹಾರ್ಡ್‌ಟೇಲ್, ಹೈಡ್ರಾಲಿಕ್ ಬ್ರೇಕ್ ಇರೋದು ಅಥವಾ ಹಾಕಿಸ್ಕೊಂಡು, ತೆಗೆಯೋ ಬ್ಯಾಟರಿ. ಇದರಲ್ಲಿ ತೋಟದ ದಾರಿ, ಮಣ್ಣು ರೋಡು, ಹಗುರ ಟ್ರೇಲ್ ಖುಷಿಯಾಗಿ ಮಾಡಬಹುದು, ಬಂಡೆ ಇಳಿಯೋದು, ಹಾರಿಸೋದು ಬೇಡ.

ಅದಕ್ಕೂ ಇಂಪೋರ್ಟೆಡ್ ಮಿಡ್ ಡ್ರೈವ್‌ಗೂ ನಡುವಿನ ಬಜೆಟ್ ಇರೋವ್ರಿಗೆ ನಾನು ಹೇಳೋದು ಸ್ವಲ್ಪ ಬೇರೆ. ಗಂಭೀರವಾಗಿ ಟ್ರೇಲ್ ಕಲಿಯೋ ಆಸೆ ಇದ್ರೆ ಮೋಟರ್ ಇಲ್ಲದ ಒಳ್ಳೆ ಹಾರ್ಡ್‌ಟೇಲ್ ತಗೊಳಿ. ಏರ್ ಫೋರ್ಕು, ಹೈಡ್ರಾಲಿಕ್ ಬ್ರೇಕು, ಟ್ಯೂಬ್‌ಲೆಸ್ ಎಲ್ಲಾ ಬರುತ್ತೆ, 14 ಕೆಜಿ ಒಳಗೆ ತೂಗುತ್ತೆ, ಬ್ಯಾಲೆನ್ಸು ಬ್ರೇಕಿಂಗು ಎಲ್ಲಾ ಅದರಲ್ಲೇ ಚೆನ್ನಾಗಿ ಕಲಿಯೋಕಾಗುತ್ತೆ. ಮಂಡಿ ನೋವು, ವಯಸ್ಸು, ಅಥವಾ ಜೊತೆಗಾರರ ಸಮಕ್ಕೆ ಏರು ಹತ್ತೋಕೆ ಆಗಲ್ಲ ಅನ್ನೋ ಕಾರಣ ಇದ್ರೆ ಮಾತ್ರ ಮೋಟರ್ ಕಡೆ ಹೋಗಿ, ಆಗ ಟಾರ್ಕ್ ಸೆನ್ಸರ್ ಇರೋದನ್ನೇ ಹುಡುಕಿ.

ಲಕ್ಷಗಟ್ಟಲೆ ಹಾಕೋವ್ರು ಡೀಲರ್ ಎಷ್ಟು ಹತ್ತಿರ ಇದ್ದಾರೆ ಅನ್ನೋದರ ಮೇಲೆ ಬ್ರ್ಯಾಂಡ್ ಆರಿಸಿ, ಮೋಟರ್‌ಗಳ ನಡುವಿನ ವ್ಯತ್ಯಾಸಕ್ಕಿಂತ ಅದೇ ದೊಡ್ಡ ವ್ಯತ್ಯಾಸ.

ಯಾವುದೇ ತಗೊಂಡ್ರೂ ಮೊದಲ ದಿನವೇ ಟ್ರೇಲ್‌ಗೆ ಹೋಗ್ಬೇಡಿ. ಖಾಲಿ ರಸ್ತೆಯಲ್ಲಿ 20 ಕಿಮೀ ಸ್ಪೀಡಿಂದ ನಡಿಗೆ ಸ್ಪೀಡಿಗೆ ಬರೋ ತನಕ ಬ್ರೇಕ್ ಹಿಡಿದು ಬಿಡಿ, ಪೂರ್ತಿ ನಿಲ್ಲಿಸದೆ, ಹೀಗೆ ಇಪ್ಪತ್ತು ಮೂವತ್ತು ಸಲ ಮುಂದಿನ ಬ್ರೇಕಿಗೂ ಹಿಂದಿನದಕ್ಕೂ ಮಾಡಿದ್ರೆ ಹೊಸ ಪ್ಯಾಡು ಡಿಸ್ಕಿಗೆ ಕೂತ್ಕೊಳುತ್ತೆ, ಅಲ್ಲಿ ತನಕ ಅದು ಅರ್ಧ ಬಲ ಮಾತ್ರ ಹಿಡಿಯೋದು. ಮೊದಲ ಒಂದೆರಡು ರೈಡ್ ಆದ್ಮೇಲೆ ಕ್ರ್ಯಾಂಕು, ಹ್ಯಾಂಡಲ್ ಸ್ಟೆಮ್ಮು, ಆಕ್ಸಲ್ ನಟ್ಟು, ಡಿಸ್ಕ್ ಬೋಲ್ಟು ಎಲ್ಲಾ ಒಂದು ಸಲ ಬಿಗಿ ಇದೆಯಾ ನೋಡಿ, ಹೊಸ ಗಾಡಿಯಲ್ಲಿ ಇವು ಸಡಿಲ ಆಗೋದು ಮಾಮೂಲು. ಹೆಲ್ಮೆಟ್ಟು, ಮಂಡಿ ಪ್ಯಾಡಿಗೆ ಬಜೆಟಲ್ಲಿ ಮೊದಲೇ ದುಡ್ಡು ಎತ್ತಿಟ್ಟಿರಿ.